ಬೆಡ್‌ಶೀಟ್ ಬೀರುವಿನ ಬಾಗಿಲು

ಜೂನ್ 9

ಮಗಳೇ,

ಕಾಗದವನ್ನು 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಶುರು ಮಾಡಬೇಕೆಂದು ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಆಮೇಲೆ ನಾನು ಶಾಲೆಗೆ ಹೋಗಲಿಲ್ಲವಲ್ಲ, ಬೇರೆ ಥರ ಶುರು ಮಾಡುವುದು ಹೇಗೆಂದು ಗೊತ್ತಿಲ್ಲ. ಕ್ಷೇಮ ಇಲ್ಲ. ನಿನ್ನ ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ.

ಮೊನ್ನೆ ಲೈನ್ ಕಟ್ಟಾದದ್ದಲ್ಲ, ಫೋನ್ ಇಟ್ಟವಳು ನಾನೇ. ಅಪ್ಪನ ಸಾವಿನ ಪತ್ರವನ್ನು ಮೇಲಿನ ಮನೆಯ ಟೈಲರಮ್ಮ ಓದಿ ಹೇಳಿದ್ದೇ ತಡ, ನೀನು ಅಲ್ಲಿಂದ ಕೂಗಾಡಿದೆ. "ಹೃದಯ ನಿಂತು ಸಾವು ಅಂತೆ! ಯಾವ ಮುಠ್ಠಾಳ ಬರೆದದ್ದು ಅಮ್ಮ? ಹೃದಯ ನಿಲ್ಲದೆ ಯಾರಾದ್ರೂ ಸಾಯ್ತಾರಾ? ಅಪ್ಪ ಬಿಸಿಲಿಗೆ ಬೆಂದು ಸತ್ತದ್ದು!" ಎಂದೆ. ಟೈಲರಮ್ಮ ನನ್ನ ಮುಖ ನೋಡಿದಳು. ನಾನು ಫೋನ್ ಇಟ್ಟೆ.

ಇನ್ನು ಮೇಲೆ ಕಾಗದ ಬರಿ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಹೂಂ ಎನ್ನುತ್ತೇನೆ. ಕಾಗದದಲ್ಲಾದರೆ ನನಗೂ ಒಂದು ಸರದಿ ಸಿಗುತ್ತದೆ. ಹನ್ನೆರಡು ದಿನ ಹಿಡಿದರೆ ಹಿಡಿಯಲಿ, ಅಷ್ಟರಲ್ಲಿ ಇಬ್ಬರ ಸಿಟ್ಟೂ ಒಂದಿಷ್ಟು ಆರುತ್ತದೆ.

ಅಪ್ಪ ಅವತ್ತು ಬೆಳಿಗ್ಗೆ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು "ನೋಡೇ, ರಾಜನ ಪೇಟ" ಎಂದು ನಗಾಡುತ್ತಾ ಗೂಡ್ಸ್ ಶೆಡ್ಡಿಗೆ ಹೋದರು. ಅಲ್ಲಿ ಮೂಟೆ ಹೊರುವವರಿಗೆ ನೆರಳೆಂದರೆ ಲಾರಿಯ ಕೆಳಗಿನ ಜಾಗ. ಮಧ್ಯಾಹ್ನ ಮೂರಕ್ಕೆ ಅವರನ್ನು ತಳ್ಳುಗಾಡಿಯ ಮೇಲೆ ಹಾಕಿಕೊಂಡು ತಂದರು. ಸೀದಾ ನನ್ನ ವಾರ್ಡಿಗೇ. ಹದಿನೇಳನೇ ಮಂಚ. ಇಪ್ಪತ್ತಾರು ವರ್ಷ ಆಯಾ ಕೆಲಸ ಮಾಡಿದ್ದೇನೆ, ಆ ಮಂಚದ ಹಾಸಿಗೆಯನ್ನು ಸಾವಿರ ಸಲ ಬದಲಿಸಿದ್ದೇನೆ.

ನಿನಗೆ ಬರಲು ಆಗಲಿಲ್ಲ. ಆಗಲಿಲ್ಲ ಎಂದೇ ಬರೆದಿದ್ದೇನೆ, ಬರಲಿಲ್ಲ ಎಂದು ಬರೆದಿಲ್ಲ, ಗಮನಿಸು.

ಸಾವಿನ ಪತ್ರದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಲಕೋಟೆಗೆ ಎರಡು ಸಲ ಅಂಟು ಹಚ್ಚಿದ್ದೇನೆ, ಹುಷಾರಾಗಿ ಹರಿ. ಆ ಪರದೇಶದ ಮೆರವಣಿಗೆಗಳಲ್ಲಿ ಪೊಲೀಸರ ಎದುರು ಮುಂದಿನ ಸಾಲಿನಲ್ಲಿ ನಿಲ್ಲಬೇಡ. ಹಿಂದಿನ ಸಾಲಿನಲ್ಲೂ ಬೇಡ, ಓಡುವಾಗ ತುಳಿದುಬಿಡುತ್ತಾರೆ. ನಡುವೆ ನಿಲ್ಲು.

ನಿನ್ನ ಅಮ್ಮ

•

ಜುಲೈ 3

ಅಮ್ಮ,

ನಿನ್ನ ಸರದಿ ಮುಗಿಯಿತು, ಈಗ ನನ್ನದು.

ಇಲ್ಲಿ ಆಗುವುದು ಏನೆಂದು ನೀನು ಯಾವತ್ತೂ ಕೇಳಿಲ್ಲ, ನಾನೇ ಹೇಳುತ್ತೇನೆ. ನವೆಂಬರಿನಲ್ಲಿ ಎಲ್ಲ ದೇಶದವರೂ ಒಂದು ದೊಡ್ಡ ಸಭಾಂಗಣದಲ್ಲಿ ಕೂರುತ್ತಾರೆ. ನೂರಾರು ವರ್ಷ ಹೊಗೆ ಬಿಟ್ಟು ಭೂಮಿಯನ್ನು ಕಾಯಿಸಿದವರು, ಆ ಕಾವಿಗೆ ಸಿಕ್ಕಿ ಸತ್ತವರಿಗೆ ಏನು ಕೊಡಬೇಕು ಎಂಬುದು ಮಾತು. ಆದರೆ ಮೊದಲು ಲೆಕ್ಕ ಕೊಡಿ ಎನ್ನುತ್ತಾರೆ. ಎಷ್ಟು ಜನ ಸತ್ತರು? ದಾಖಲೆ ಎಲ್ಲಿ?

ನಮ್ಮ ದೇಶದ ಅಧಿಕಾರಿಗಳೇ ಕೊಟ್ಟ ಲೆಕ್ಕ ನಿನ್ನೆ ನನ್ನ ಕೈಗೆ ಬಂತು. ಈ ಬೇಸಿಗೆಯಲ್ಲಿ ನಮ್ಮ ಇಡೀ ಊರಲ್ಲಿ ಬಿಸಿಗೆ ಸತ್ತವರು ಹನ್ನೊಂದು ಮಂದಿಯಂತೆ. ಹನ್ನೊಂದು! ಅಪ್ಪ ಆ ಹನ್ನೊಂದರಲ್ಲಿ ಇಲ್ಲ. ಯಾಕೆ ಕಡಿಮೆ ತೋರಿಸುತ್ತಾರೆ ಗೊತ್ತಾ? ಬಿಸಿಗೆ ಸತ್ತರು ಎಂದು ಒಪ್ಪಿದರೆ ಮಧ್ಯಾಹ್ನ ಮೂಟೆ ಹೊರಿಸುವುದನ್ನು ನಿಲ್ಲಿಸಬೇಕಾಗುತ್ತದೆ. ಇನ್ನೂ ಎರಡು ಕಲ್ಲಿದ್ದಲ ಸ್ಥಾವರ ಯಾಕೆ ಕಟ್ಟುತ್ತಿದ್ದೀರಿ ಎಂದು ಜನ ಕೇಳುತ್ತಾರೆ. ಹೃದಯ ನಿಂತು ಸತ್ತರೆ ತೊಂದರೆಯಿಲ್ಲ. ಅದು ಅವರವರ ಹೃದಯದ ತಪ್ಪು.

ನನ್ನಂಥ ಚಳವಳಿಯವರಿಗೆ ಇಲ್ಲಿ ಕುರ್ಚಿ ಕೊನೆಯ ಸಾಲಿನಲ್ಲಿ. ಮಾತಾಡಲು ಎರಡು ನಿಮಿಷ. ಮೈಕಿನಲ್ಲಿ ಕೆಂಪು ದೀಪ ಹತ್ತಿದರೆ ಮುಗಿಯಿತು, ನಿಮ್ಮಪ್ಪ ಸತ್ತ ವಾಕ್ಯದ ನಡುವೆಯೇ ಮುಗಿಯಿತು.

ಅಮ್ಮ, ನೀನು ಆ ವಾರ್ಡಿನಲ್ಲೇ ಇದ್ದೆ. ಎಷ್ಟು ಜನ ಹೋದರು, ಯಾವ ದಿನ, ಯಾವ ಮಂಚ, ಮೈ ಎಷ್ಟು ಕಾದಿತ್ತು ಎಂದು ನೆನಪಿದ್ದಷ್ಟು ಬರೆದು ಕಳಿಸು. ಮತ್ತು ರಿಜಿಸ್ಟರಿನಲ್ಲಿ ಆ ಸುಳ್ಳನ್ನು ಯಾರು ಬರೆದರೆಂದು ಕೇಳಿ ತಿಳಿದುಕೋ. ಒಬ್ಬ ಮನುಷ್ಯ ಪೆನ್ನು ಹಿಡಿದು ಕೂತು ಬರೆದಿರುತ್ತಾನಲ್ಲ. ಅವನ ಮುಖವನ್ನು ನನಗೆ ಒಂದು ಸಲ ನೋಡಬೇಕು.

ನಾನು ನಡುವೆಯೇ ನಿಲ್ಲುತ್ತೇನೆ, ಆಯ್ತಾ?

ನಿನ್ನ ಮಗಳು

•

ಜುಲೈ 27

ಮಗಳೇ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಓದಿ ಅಕ್ಕಿ ಡಬ್ಬದ ಕೆಳಗಿಟ್ಟೆ. ಮತ್ತೆ ತೆಗೆದು ಓದಿದೆ. ಕೆಲಸಕ್ಕೆ ಹೊರಟವಳು ಅರ್ಧ ದಾರಿಯಿಂದ ವಾಪಸು ಬಂದು, ಬಾಗಿಲಿಗೆ ಬೀಗ ಹಾಕಿದ್ದೇನಾ ನೋಡಿ, ಒಳಗೆ ಹೋಗಿ ಗ್ಯಾಸ್ ನೋಡಿ, ಕಾಗದ ಅಲ್ಲೇ ಇದೆಯಾ ನೋಡಿ ಹೋದೆ. ಡ್ಯೂಟಿಗೆ ತಡವಾಗಿ ದೊಡ್ಡ ಸಿಸ್ಟರ್ ಹತ್ತಿರ ಬೈಸಿಕೊಂಡೆ. "ಏನಮ್ಮಾ, ಮನೇಲಿ ಚಿನ್ನ ಹೂತಿಟ್ಟಿದ್ದೀಯಾ?" ಎಂದರು. ಚಿನ್ನವಾದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ.

ನೀನು ಕೇಳಿದ್ದನ್ನು ನಾನು ಕೊಡುವುದಿಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ವಾರ್ಡಿನ ಮಾತು ಹೊರಗೆ ಹೋಯಿತೆಂದರೆ ಮೊದಲು ಹೋಗುವುದು ಆಯಾ ತಲೆ. ನಿನಗೆ ಅಲ್ಲಿ ಕೆಂಪು ದೀಪ ಹತ್ತಿದರೆ ಮಾತು ನಿಲ್ಲುತ್ತದೆ. ನನಗೆ ಇಲ್ಲಿ ಊಟ ನಿಲ್ಲುತ್ತದೆ.

ಮೇ ತಿಂಗಳ ಆ ಒಂಬತ್ತು ದಿನದ ಬಿಸಿ ಹೇಗಿತ್ತೆಂದು ಬೇಕಾದರೆ ಹೇಳುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಮಂಚಕ್ಕೆ ಇಬ್ಬರು, ಕೆಳಗೆ ಒಬ್ಬರು. ಬರುವವರೆಲ್ಲ ಮಧ್ಯಾಹ್ನವೇ ಬರುತ್ತಿದ್ದರು. ಗಾರೆ ಕೆಲಸದವರು, ಗಾಡಿ ಎಳೆಯುವವರು, ಬಾಣಲೆ ಮುಂದೆ ನಿಲ್ಲುವವರು. ಮೈ ಒಣಗಿ ಕಾವಲಿಯ ಹಾಗಿರುತ್ತಿತ್ತು, ಒಂದು ಹನಿ ಬೆವರಿಲ್ಲ. ಐಸ್ ಫ್ಯಾಕ್ಟರಿಯಿಂದ ತಂದ ಗಡ್ಡೆಗಳನ್ನು ಬೆಡ್‌ಶೀಟಿಗೆ ಸುತ್ತಿ ಕಂಕುಳಿಗೆ ಇಡುತ್ತಿದ್ದೆ. ಇಟ್ಟದ್ದು ಇಟ್ಟಂತೆ ನೀರು. ಚಾರ್ಟಿನ ಹಾಳೆ ಎರಡನೇ ದಿನವೇ ಮುಗಿಯಿತು. ನನಗೋ ಮರೆವು. ಯಾರಿಗೆ ಎಷ್ಟು ಜ್ವರವೆಂದು ಸಿಸ್ಟರ್ ಕೇಳಿದರೆ ತಡವರಿಸಬಾರದೆಂದು ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಹರಿದು, ಅದರ ಮೇಲೆ ಮಂಚದ ನಂಬರು, ತಾರೀಖು, ಗಂಟೆ, ಥರ್ಮಾಮೀಟರಿನ ಅಂಕಿ ಬರೆದು ಬೆಡ್‌ಶೀಟ್ ಬೀರುವಿನ ಬಾಗಿಲ ಒಳಬದಿಗೆ ಅಂಟಿಸುತ್ತಿದ್ದೆ. ಬದುಕಿ ಮನೆಗೆ ಹೋದವರ ಪಟ್ಟಿಯನ್ನು ಕಿತ್ತು ಹಾಕುತ್ತಿದ್ದೆ. ಸತ್ತವರದ್ದನ್ನು ಕೀಳಲು ಕೈ ಬರಲಿಲ್ಲ. ಅವು ಇನ್ನೂ ಅಲ್ಲೇ ಇವೆ. ಬೆಡ್‌ಶೀಟ್ ತೆಗೆಯುವಾಗ ನಾನು ಅತ್ತ ನೋಡುವುದಿಲ್ಲ.

ದೊಡ್ಡ ಡಾಕ್ಟರು ಐದನೇ ದಿನ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಬಿಸಿಲಿಗೆ ಯಾರೂ ಸಾಯಲ್ಲ ಸಿಸ್ಟರ್, ಹೃದಯ ನಿಂತು ಸಾಯ್ತಾರೆ" ಎಂದರು. ಅವರ ರೂಮಿನಲ್ಲಿ ಎರಡು ಎಸಿ. ಅವರ ಹೃದಯ ಚೆನ್ನಾಗಿದೆ.

ಬರೆದವನ ಮುಖ ನೋಡಬೇಕು ಎಂದಿದ್ದೀಯ. ಆ ಮುಖ ನೋಡಿ ನಿನಗೇನಾಗಬೇಕು? ಹೇಳಿದ್ದನ್ನು ಬರೆದಿರುತ್ತಾರೆ ಯಾರೋ. ಎಲ್ಲರಿಗೂ ನಿನ್ನ ಹಾಗೆ ಕೂಗಲು ಬರುವುದಿಲ್ಲ.

ಅಲ್ಲಿ ಚಳಿ ಶುರುವಾಗುವ ಮೊದಲೇ ಕಾಲುಚೀಲ ತೆಗೆದುಕೋ.

ಅಮ್ಮ

•

ಸೆಪ್ಟೆಂಬರ್ 19

ಅಮ್ಮ,

ನವೆಂಬರಿನ ಸಭೆಗೆ ಮುಂಚಿನ ತಯಾರಿ ಸಭೆ ನಿನ್ನೆ ನಡೆಯಿತು. ಹನ್ನೊಂದು ಎಂಬುದು ಸುಳ್ಳು ಎಂದು ನಾವು ಗಲಾಟೆ ಮಾಡಿದೆವು. ನಮ್ಮ ದೇಶದ ಅಧಿಕಾರಿ ನಕ್ಕು, ನಿಮ್ಮದೇ ಊರಿನ ಆಸ್ಪತ್ರೆಯ ರಿಜಿಸ್ಟರ್ ನೋಡಿ ಎಂದು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಂದು ಪುಟ ತೋರಿಸಿದ. ಗಂಡಸರ ವಾರ್ಡು. ನಲವತ್ತಮೂರು ಸಾಲು. ನಲವತ್ತಮೂರರಲ್ಲೂ ಹೃದಯ.

ಶಾಲೆಗೆ ಹೋಗುವಾಗ ಹತ್ತು ವರ್ಷ ನನ್ನ ಊಟದ ಡಬ್ಬಿಯಲ್ಲಿ ಒಂದು ಚೀಟಿ ಇರುತ್ತಿತ್ತು. 'ನೀರು ಕುಡಿ. ಓಡಬೇಡ. ನೆರಳಲ್ಲಿ ನಿಲ್ಲು.' ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಬಾಲದ ತುದಿಗೆ ಒಂದು ಚುಕ್ಕಿ. ಹಾಗೆ ಬರೆಯುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ.

ಪರದೆಯ ಮೇಲೆ ನಲವತ್ತಮೂರು ಬಾಲ, ನಲವತ್ತಮೂರು ಚುಕ್ಕಿ.

ನಾನು ಯಾರಿಗೂ ಹೇಳಲಿಲ್ಲ. ಹೊರಗೆ ಬಂದು ವಾಂತಿ ಮಾಡಿದೆ. ಮೂವತ್ತೊಂದನೇ ಸಾಲು ಹದಿನೇಳನೇ ಮಂಚದ್ದು.

ಕಾಲುಚೀಲ ತೆಗೆದುಕೊಂಡಿದ್ದೇನೆ.

(ಸಹಿ ಹಾಕಲು ಮನಸ್ಸಿಲ್ಲ)

•

ಅಕ್ಟೋಬರ್ 4

ಮಗಳೇ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜೂನ್ ತಿಂಗಳಿಂದ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಸರಿ, ನಿನಗೆ ಬೇಕಾದ ಮುಖ ಇದೇ. ನೋಡಿಕೋ.

ಅಪ್ಪನನ್ನು ಕಳಿಸಿಕೊಟ್ಟು ಮಾರನೇ ಮಧ್ಯಾಹ್ನವೇ ವಾರ್ಡಿಗೆ ಬಂದೆ. ಮನೆಯಲ್ಲಿ ಕೂತರೆ ನಾಲ್ಕು ಗೋಡೆ, ಅಲ್ಲಾದರೆ ಜನ. ಮೇ ಹದಿನಾರನೇ ತಾರೀಖು, ರಿಜಿಸ್ಟರ್ ಬರೆಯುವ ಗುಮಾಸ್ತರು ತಾವೇ ಬಿಸಿಲು ಹೊಡೆದು ಮಲಗಿದ್ದರು. ದೊಡ್ಡ ಡಾಕ್ಟರು ನನ್ನನ್ನು ರೂಮಿಗೆ ಕರೆಸಿದರು. "ನಿನ್ನ ಅಕ್ಷರ ದುಂಡಗಿದೆಯಂತೆ, ಸಿಸ್ಟರ್ ಹೇಳಿದ್ರು. ಕೂತ್ಕೋ" ಎಂದರು. ಕುರ್ಚಿ ತೋರಿಸಿದರು. ಇಪ್ಪತ್ತಾರು ವರ್ಷದಲ್ಲಿ ಆ ರೂಮಿನ ಕುರ್ಚಿಯನ್ನು ಒರೆಸಿದ್ದೇನೆಯೇ ಹೊರತು ಕೂತಿರಲಿಲ್ಲ. ಎಸಿ ಗಾಳಿ ಕುತ್ತಿಗೆಗೆ ಬಿತ್ತು. ಒಂಬತ್ತು ದಿನದಲ್ಲಿ ಮೊದಲ ಸಲ ಬೆವರು ಆರಿತು. ಹೇಳಲು ನಾಚಿಕೆಯಾಗುತ್ತದೆ, ಹಾಯೆನಿಸಿತು.

ಅವರು ಹೇಳಿದರು, ನಾನು ಬರೆದೆ. ಮೊದಲನೇ ಸಾಲಿಗೆ "ಸರ್, ಇವರಿಗೆ ಜ್ವರ ನೂರಾ ಆರು ಇತ್ತು" ಎಂದೆ. "ಕೇಳಿದ್ನಾ? ಹೃದಯ ನಿಂತದ್ದು ಸುಳ್ಳಲ್ವಲ್ಲ, ಬರಿ" ಎಂದರು. ಮತ್ತೆ ಬಾಯಿ ತೆಗೆಯಲಿಲ್ಲ. ಶಾಲೆ ಬಿಟ್ಟವಳಿಗೆ ಒಂದು ರೋಗ ಇರುತ್ತದೆ, ನಿನಗೆ ಗೊತ್ತಾಗುವುದಿಲ್ಲ. ಓದಿದವರು ಹೇಳಿದ್ದು ತಪ್ಪೆನಿಸಿದರೂ ತಪ್ಪಿರುವುದು ನಮ್ಮ ತಲೆಯಲ್ಲೇ ಎನಿಸುತ್ತದೆ. ಮೂವತ್ತೊಂದನೇ ಸಾಲು ಬಂತು. ಹದಿನೇಳನೇ ಮಂಚ. ಅವರು ತಲೆ ಎತ್ತದೆ ಹೆಸರು ಓದಿದರು. ಅದು ನನ್ನ ಗಂಡನ ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬರೆದೆ. ಬಾಲ ಎಳೆದೆ. ಚುಕ್ಕಿ ಇಟ್ಟೆ. ಅಕ್ಷರ ಚೆನ್ನಾಗಿ ಬರಬೇಕಲ್ಲ, ಎಲ್ಲರೂ ನೋಡುತ್ತಾರೆ ಎಂದು ನಿಧಾನವಾಗಿ ಬರೆದೆ.

ಎಲ್ಲರೂ ನೋಡಿದರು. ಗೋಡೆಯಷ್ಟು ದೊಡ್ಡದಾಗಿ.

ಈಗ ನನ್ನ ಸಿಟ್ಟನ್ನೂ ಕೇಳು. ನೀನು ವಾಂತಿ ಮಾಡಿದೆ, ಹೊರಗೆ ಹೋಗಿ ಬಾಯಿ ತೊಳೆದೆ, ಆಮೇಲೆ ಯಾರೋ ನಿನ್ನ ಬೆನ್ನು ಸವರಿರುತ್ತಾರೆ. ನನ್ನ ಬೆನ್ನು ಯಾರು ಸವರಿದರು? ನಿನಗೆ ಅಪ್ಪನ ಸಾವು ಮೈಕಿನ ಮುಂದಿನ ಎರಡು ನಿಮಿಷ. ನನಗೆ ಆ ಬೆಡ್‌ಶೀಟನ್ನು ಒಗೆಯಲು ಹಾಕಿ, ಮಂಚ ಒರೆಸಿ, ಮುಂದಿನವನನ್ನು ಮಲಗಿಸುವ ಕೆಲಸ. ಮುಂದಿನವನೂ ಹೋದ. ಹೊಗೆ ಬಿಟ್ಟವರು ಎಲ್ಲೋ, ಲೆಕ್ಕ ಕೇಳುವವರು ಎಲ್ಲೋ, ನೀನೂ ಎಲ್ಲೋ. ಬರೆಯಲು ಮಾತ್ರ ನಾನು ಸಿಕ್ಕೆ. ನಿನ್ನ ದೊಡ್ಡ ಸಭೆಯಲ್ಲಿ ದೊಡ್ಡ ಡಾಕ್ಟರ ಮುಖ ತೋರಿಸಿದರಾ? ಕಲ್ಲಿದ್ದಲಿನವರ ಮುಖ ತೋರಿಸಿದರಾ? ನನ್ನ ಅಕ್ಷರವನ್ನು ತೋರಿಸಿದರು. ನಾಚಿಕೆಗೆಟ್ಟವರು.

ಸಹಿ ಹಾಕದ ಕಾಗದ ಕಳಿಸಬೇಡ. ಯಾರದೋ ಕಾಗದ ನನ್ನ ಮನೆಗೆ ಬಂದ ಹಾಗಾಗುತ್ತದೆ.

ಅಮ್ಮ. ಅಮ್ಮನೇ.

•

ಅಕ್ಟೋಬರ್ 21

ಅಮ್ಮ,

ನನ್ನ ಬೆನ್ನನ್ನೂ ಯಾರೂ ಸವರಲಿಲ್ಲ. ಯಾರಿಗೂ ಹೇಳಿಲ್ಲ ಎಂದೆನಲ್ಲ.

ಕ್ಷಮಿಸಿದೆ ಎಂದು ಬರೆಯಲು ಕೂತೆ, ಆಗಲಿಲ್ಲ. ಬಯ್ಯಲು ಕೂತೆ, ಅದೂ ಆಗಲಿಲ್ಲ. ನೀನು ಹಾಯೆನಿಸಿತು ಎಂದು ಬರೆದ ಸಾಲನ್ನು ಓದಿದಾಗ ಮಾತ್ರ ಅಳು ಬಂತು. ಅಷ್ಟನ್ನು ಮುಚ್ಚಿಡಬಹುದಿತ್ತು ನೀನು.

ನವೆಂಬರ್ 18ಕ್ಕೆ ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ರಿಜಿಸ್ಟರ್ ಸುಳ್ಳು ಎನ್ನುತ್ತೇನೆ. ಸಾಕ್ಷಿ ಎಲ್ಲಿ ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ದೀಪ ಹತ್ತುತ್ತದೆ. ನಿನ್ನನ್ನು ಏನೂ ಕೇಳುತ್ತಿಲ್ಲ. ಹದಿನಾಲ್ಕು ತಿಂಗಳು ಈಗ ಹನ್ನೊಂದಾಗಿರಬೇಕು, ಅಲ್ಲವಾ? ಮುಗಿಸು.

ನಿನ್ನ ಮಗಳು (ಸಹಿ ಹಾಕಿದ್ದೇನೆ)

•

ನವೆಂಬರ್ 9

ಮಗಳೇ,

ಟೈಲರಮ್ಮನ ಫೋನಿನಿಂದ ನಿನಗೆ ಫೋಟೋಗಳು ಬಂದಿರಬೇಕು. ಹಿಂದೆ ಕಾಣುವುದು ನಮ್ಮ ಅಡುಗೆಮನೆಯ ಗೋಡೆ. ಬಾಗಿಲು ಮಾತ್ರ ನಮ್ಮದಲ್ಲ, ಆಸ್ಪತ್ರೆಯದು.

ಆದದ್ದು ಹೀಗೆ. ಸೋಮವಾರ ವಾರ್ಡಿಗೆ ಹೊಸ ಸ್ಟೀಲ್ ಬೀರು ಬಂತು. ಹಳೆ ಮರದ ಬೀರುವನ್ನು ಗುಜರಿಗೆ ಹಾಕಿ ಎಂದರು. ಮೊದಲು ನನಗೆ ಸಮಾಧಾನವೇ ಆಯಿತು, ದೇವರಾಣೆ. ಇನ್ನು ಆ ಪಟ್ಟಿಗಳನ್ನು ನೋಡಬೇಕಿಲ್ಲವಲ್ಲ. ಬೆಡ್‌ಶೀಟುಗಳನ್ನು ಖಾಲಿ ಮಾಡಿದೆ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಬಾಗಿಲು ತೆರೆದಿತ್ತು. ಪ್ಲಾಸ್ಟರುಗಳನ್ನು ನೋಡಿ, "ಥೂ, ಏನಿದು ಗಲೀಜು? ಇಪ್ಪತ್ತಾರು ವರ್ಷ ಆದ್ರೂ ಒಂದು ಬೀರು ಚೊಕ್ಕಟವಾಗಿ ಇಟ್ಕೊಳ್ಳೋಕೆ ಬರಲ್ವಲ್ಲೇ ನಿಂಗೆ" ಎಂದು ಹೋದರು.

ಗಲೀಜಂತೆ.

ನನಗೆ ಯಾವಾಗಲೂ ಮೊದಲು ಹೆದರಿಕೆ ಬರುತ್ತದೆ, ಆಮೇಲೆ ಸಿಟ್ಟು. ಅವತ್ತು ಸಿಟ್ಟು ಮೊದಲು ಬಂತು. ಹೆದರಿಕೆ ಬರುವಷ್ಟರಲ್ಲಿ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಆರು ತಿರುಪು, ಒಂದು ತುಕ್ಕು ಹಿಡಿದಿತ್ತು, ಅದನ್ನು ಹೊರಳಿಸುವಾಗ ಅಂಗೈ ಹರಿಯಿತು. ದೊಡ್ಡ ಸಿಸ್ಟರ್ ನೋಡಿದರು. ಒಂದು ಬೆಡ್‌ಶೀಟ್ ತಂದು ಬಾಗಿಲಿಗೆ ಸುತ್ತಿ, "ಪ್ಲಾಸ್ಟರಿಗೆ ಉಜ್ಜಬಾರದು, ಒಳಮುಖ ಮಾಡಿ ಹಿಡ್ಕೋ" ಎಂದರು.

ಗೇಟಿನಲ್ಲಿ ಕಾವಲಿನವನು ತಡೆದ. "ಆಯಮ್ಮ, ಬಾಗಿಲು ಎಲ್ಲಿಗೆ ಸವಾರಿ?"

"ಮನೆಗೆ."

"ನಿಮ್ಮನೆಗೆ ಬಾಗಿಲಿಲ್ವಾ?"

"ಇದೆ. ಅದನ್ನ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ ಕಣಪ್ಪ, ಬಿಡು."

ಅವನ ಅಣ್ಣ ಮೇ ಹದಿನಾಲ್ಕಕ್ಕೆ ಒಂಬತ್ತನೇ ಮಂಚದಲ್ಲಿದ್ದ. ಬಿಟ್ಟ. ಬಸ್ಸಿನ ಕಂಡಕ್ಟರ್ ಬಾಗಿಲಿಗೂ ಟಿಕೆಟ್ ಕೇಳಿದ. ದುಡ್ಡು ಕೊಟ್ಟು ಟಿಕೆಟ್ ಜೋಪಾನವಾಗಿಟ್ಟಿದ್ದೇನೆ. ನಾಳೆ ಕದ್ದಳು ಎಂದರೆ ತೋರಿಸಬಹುದು. ಕದಿಯುವವರು ಟಿಕೆಟ್ ತೆಗೆದುಕೊಳ್ಳುತ್ತಾರಾ?

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಒಂದು ಹಾಳೆಯಲ್ಲಿ ಬರೆದೆ. 'ಗಂಡಸರ ವಾರ್ಡಿನ ರಿಜಿಸ್ಟರಿನಲ್ಲಿ ಮೇ ಏಳರಿಂದ ಹದಿನೈದರವರೆಗಿನ ನಲವತ್ತಮೂರು ಸಾಲು ಬರೆದವಳು ನಾನು. ಹೇಳಿ ಬರೆಸಿದವರು ದೊಡ್ಡ ಡಾಕ್ಟರು. ಆ ನಲವತ್ತಮೂರು ಜನ ಸತ್ತದ್ದು ಬಿಸಿಗೆ. ಅವರ ಮೈ ಮುಟ್ಟಿದವಳು ನಾನು, ದೊಡ್ಡ ಡಾಕ್ಟರಲ್ಲ.' ಕೆಳಗೆ ಸಹಿ. ಬಾಲ, ಚುಕ್ಕಿ ಎಲ್ಲ ಸೇರಿಸಿ. ಒಂದು ಪ್ರತಿ ನಿನಗೆ, ಅದರ ಫೋಟೋವನ್ನೂ ಟೈಲರಮ್ಮ ಕಳಿಸಿದ್ದಾಳೆ. ಇನ್ನೊಂದನ್ನು ಬುಧವಾರ ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಕೂತ್ಕೋ ಎನ್ನಲಿಲ್ಲ ಈ ಸಲ. ಗುರುವಾರದಿಂದ ನಾನು ಅಮಾನತು.

ಬಾಗಿಲನ್ನು ಗೋಡೆಗೆ ಒರಗಿಸಿದ್ದೇನೆ. ಜಾರಿ ಬಿದ್ದೀತೆಂದು ಕೆಳಗೆ ಎರಡು ಇಟ್ಟಿಗೆ ಇಟ್ಟಿದ್ದೇನೆ. ಹೊರಗೆ ಹೋಗುವಾಗ ಗ್ಯಾಸ್, ಬೀಗ, ಬಾಗಿಲು ಮೂರನ್ನೂ ನೋಡುತ್ತೇನೆ. ಕೆಲಸ ಇಲ್ಲದವಳಿಗೆ ಕೆಲಸ ಹೆಚ್ಚಾಗಿದೆ.

ಅಮ್ಮ

•

ನವೆಂಬರ್ 24

ಅಮ್ಮ,

ಮೊದಲು ಕೇಳು, ನನಗೆ ಏನೂ ಆಗಿಲ್ಲ. ಮುಂದಿನದನ್ನು ನಿಧಾನವಾಗಿ ಓದು.

ಬಾಗಿಲಿನ ಫೋಟೋವನ್ನು ಬಾಗಿಲಿನಷ್ಟೇ ಉದ್ದಗಲಕ್ಕೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿದೆ. ಸಭಾಂಗಣದೊಳಗೆ ಮೊದಲೇ ಒಪ್ಪಿಗೆ ಪಡೆಯದ ಯಾವುದನ್ನೂ ತರುವಂತಿಲ್ಲ. ಸ್ವೆಟರಿನ ಒಳಗೆ ಹೊಟ್ಟೆಗೆ ಸುತ್ತಿಕೊಂಡು ಹೋದೆ. ಗೇಟಿನವಳು ನನ್ನನ್ನು ಬಸುರಿ ಎಂದುಕೊಂಡು ಕೂರಲು ಕುರ್ಚಿ ಕೊಟ್ಟಳು. ಎರಡು ನಿಮಿಷದಲ್ಲಿ ನಿನ್ನ ಹಾಳೆಯನ್ನು ಓದಿದೆ. ಬೇರೇನನ್ನೂ ಹೇಳಲಿಲ್ಲ. ಆಮೇಲೆ ಸುತ್ತಿಕೊಂಡಿದ್ದ ಅಚ್ಚಿನ ಬಟ್ಟೆಯನ್ನು ಹೊರಗೆಳೆದು ಎತ್ತಿ ಹಿಡಿದೆ. ಕೆಂಪು ದೀಪ ಹತ್ತಿತು, ಮೈಕು ಸತ್ತಿತು. ನಾನು ಪಟ್ಟಿಗಳನ್ನು ಒಂದೊಂದಾಗಿ ಬರೀ ಗಂಟಲಿನಲ್ಲಿ ಓದುತ್ತಲೇ ಹೋದೆ. ನಾಲ್ಕನೇ ಮಂಚ, ನೂರಾ ಆರು. ಹನ್ನೆರಡನೇ ಮಂಚ, ನೂರಾ ಏಳು. ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಇಬ್ಬರು ಕಾವಲಿನವರು ರಟ್ಟೆ ಹಿಡಿದರು. ಬ್ಯಾಡ್ಜ್ ಕಿತ್ತುಕೊಂಡರು. ಮುಂದಿನ ಸಾಲಿನವರು ಹೊಗೆಯ ಮೇಲಿನ ಒಂದು ವಾಕ್ಯದಲ್ಲಿ 'ನಿಲ್ಲಿಸುವುದು' ಬೇಕೋ 'ಕಡಿಮೆ ಮಾಡುವುದು' ಬೇಕೋ ಎಂದು ಮತ್ತೆ ಜಗಳ ಶುರು ಮಾಡಿದರು, ಬಾಗಿಲಲ್ಲಿ ಏನೂ ಆಗದ ಹಾಗೆ.

ಆದರೆ ದಾಖಲೆ ಪರಿಶೀಲಿಸುವ ಸಮಿತಿಯವರು ಕರೆದರು. ನಿನ್ನ ಹಾಳೆ, ಬಾಗಿಲಿನ ಫೋಟೋ, ರಿಜಿಸ್ಟರು ಮೂರನ್ನೂ ಇಟ್ಟುಕೊಂಡು ಕೂತರು. ಮಂಚ, ತಾರೀಖು ಒಂದಕ್ಕೊಂದು ಹೊಂದುತ್ತಿವೆ. ಅಧಿಕಾರಿಯ ಬೆವರು ನಾನು ನೋಡಿದೆ ಅಮ್ಮ, ಎಸಿಯಲ್ಲಿ ಕೂತು ಬೆವತ.

ಆಮೇಲೆ ಅವನು ಎಣಿಸಿದ. ರಿಜಿಸ್ಟರಿನಲ್ಲಿ ನಲವತ್ತಮೂರು. ಬಾಗಿಲ ಮೇಲೆ ನಲವತ್ತೆರಡು. ಒಂದು ಕಡಿಮೆ ಇದೆ, ಹಾಗಾಗಿ ಇದು ದಾಖಲೆಯಲ್ಲ, ಯಾರೋ ಆಯಾ ಅಂಟಿಸಿದ ಕಸ ಎಂದ. ಇಲ್ಲದಿರುವ ಪಟ್ಟಿ ಹದಿನೇಳನೇ ಮಂಚದ್ದು. ಅಪ್ಪನದ್ದು. ಉದುರಿರಬೇಕು, ಅಲ್ಲವಾ? ಬಸ್ಸಿನಲ್ಲಿ ಎಲ್ಲೋ ಬಿದ್ದಿರಬೇಕು.

ಡಿಸೆಂಬರ್ 20ರ ಒಳಗೆ ಹೊಂದಿಸಿ ಕೊಟ್ಟರೆ ಸರಿ, ಇಲ್ಲವಾದರೆ ನಲವತ್ತೆರಡನ್ನೂ ಬದಿಗಿಡುತ್ತಾರಂತೆ. ಅಮ್ಮ, ನಿನ್ನ ಹತ್ತಿರ ಅದೇ ಪ್ಲಾಸ್ಟರ್ ಸುರುಳಿ ಇರುತ್ತದೆ. ಒಂದು ಪಟ್ಟಿ ಬರೆದು ಅಂಟಿಸಿ, ಕೆಳಗೆ ಬಿದ್ದದ್ದು ಸಿಕ್ಕಿತು ಎಂದು ಫೋಟೋ ಕಳಿಸು. ಅಪ್ಪನಿಗೆ ಎಷ್ಟಿತ್ತೋ ಅಷ್ಟನ್ನೇ ಬರಿ. ಇದು ಸುಳ್ಳಲ್ಲ. ಯಾರಿಗೆ ಗೊತ್ತಾಗುತ್ತದೆ?

ನಿನ್ನ ಮಗಳು

•

ಡಿಸೆಂಬರ್ 6

ಮಗಳೇ,

ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಅಂಚೆಯವಳಿಗೆ ಮೂರು ಸಲ ಕೇಳಿದೆ, ಇಪ್ಪತ್ತರೊಳಗೆ ಸೇರುತ್ತದಂತೆ.

ಪ್ಲಾಸ್ಟರ್ ಸುರುಳಿ ಇದೆ. ಅಂಟಿಸುವುದಿಲ್ಲ.

ನೀನು ಕಾಗದದಲ್ಲಿ ಬರೆದ ಹಾಗೆಯೇ ದೊಡ್ಡ ಡಾಕ್ಟರೂ ಹೇಳಿದ್ದರು. ಹೃದಯ ನಿಂತದ್ದು ಸುಳ್ಳಲ್ಲವಲ್ಲ, ಬರಿ ಎಂದು. ಯಾರಿಗೆ ಗೊತ್ತಾಗುತ್ತದೆ ಎಂದು ಅವರು ಹೇಳಲಿಲ್ಲ, ಅಷ್ಟು ಮಾತ್ರ ವ್ಯತ್ಯಾಸ. ನಾನು ಒಂದು ಸಲ ಬೇರೆಯವರಿಗಾಗಿ ನಿನ್ನ ಅಪ್ಪನನ್ನು ಬರೆದೆ. ಇನ್ನೊಂದು ಸಲ, ನಿನಗಾಗಿಯೂ, ಬರೆಯುವುದಿಲ್ಲ. ಸಿಟ್ಟು ಮಾಡಿಕೋ. ನನಗೂ ಇದೆ. ಒಂದು ಬಾಗಿಲಿನಲ್ಲಿ ನಲವತ್ತೆರಡು ಜನ ಬೆಂದು ನಿಂತಿದ್ದಾರೆ, ಆ ನಿನ್ನ ಅಧಿಕಾರಿಗೆ ಕಂಡದ್ದು ಇಲ್ಲದಿರುವ ಒಂದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ, ಈಗ ಬಾಗಿಲನ್ನೂ ಎಣಿಸುತ್ತಾರೆ.

ಪಟ್ಟಿ ಬಸ್ಸಿನಲ್ಲಿ ಬಿದ್ದಿಲ್ಲ. ಬರೆದೇ ಇರಲಿಲ್ಲ.

ಮರೆಯಬಾರದೆಂದು ಪಟ್ಟಿ ಬರೆಯುತ್ತಿದ್ದೆ ಎಂದೆನಲ್ಲ. ನಿನ್ನ ಅಪ್ಪನದ್ದನ್ನು ಮರೆಯುವುದಕ್ಕೆ ಇರಲಿಲ್ಲ. ಆದರೆ ಅದೊಂದೇ ಕಾರಣವಲ್ಲ. ಪ್ಲಾಸ್ಟರ್ ಹರಿದಿದ್ದೆ. ಹದಿನೇಳು ಎಂದು ಬರೆದಿದ್ದೆ. ಮೂರೂ ಹತ್ತು ಎಂದು ಬರೆದಿದ್ದೆ. ನಮ್ಮ ವಾರ್ಡಿನ ಥರ್ಮಾಮೀಟರು ಹಳೆಯ ಪಾದರಸದ್ದು. ಕಂಕುಳಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನೂರಾ ಎಂಟು ಕೊನೆಯ ಗೆರೆ, ಅದರ ಮೇಲೆ ಗಾಜು ಮಾತ್ರ. ಪಾದರಸ ಆ ಗೆರೆಯನ್ನು ದಾಟಿ ತುದಿಯವರೆಗೂ ಹೋಗಿ ನಿಂತಿತ್ತು. ತಪ್ಪಿರಬೇಕೆಂದು ಝಾಡಿಸಿ ಮತ್ತೆ ಇಟ್ಟೆ. ಮತ್ತೆ ಅಲ್ಲಿಗೇ ಹೋಯಿತು. ಎಷ್ಟೆಂದು ಬರೆಯಲಿ? ಗೆರೆ ಮಾಡಿದವರು ಮನುಷ್ಯನ ಮೈ ಅಷ್ಟು ಕಾಯಬಹುದೆಂದು ಎಣಿಸಿಯೇ ಇರಲಿಲ್ಲ. ಪಟ್ಟಿಯನ್ನು ಮುದುರಿ ಸೆರಗಿನಲ್ಲಿ ಕಟ್ಟಿಕೊಂಡೆ.

ಸಮಿತಿಯವರಿಗೆ ಇದನ್ನೇ ಹೇಳು, ಈ ಕಾಗದವನ್ನೇ ಕೊಡು. ಒಂದು ಕಡಿಮೆ ಇರುವುದು ಯಾಕೆಂದರೆ ನಿಮ್ಮ ಗೆರೆ ಸಾಲಲಿಲ್ಲ ಎನ್ನು. ಅದಕ್ಕೂ ನಲವತ್ತೆರಡನ್ನು ಬದಿಗಿಟ್ಟರೆ ಇಡಲಿ. ಬಾಗಿಲು ನನ್ನ ಮನೆಯಲ್ಲಿದೆ. ಆಸ್ಪತ್ರೆಯಿಂದ ನೋಟೀಸು ಬಂದಿದೆ, ಸರಕಾರಿ ವಸ್ತು, ಹಿಂತಿರುಗಿಸು ಎಂದು. ಬಂದು ತೆಗೆದುಕೊಂಡು ಹೋಗಿ ಎಂದು ಉತ್ತರ ಬರೆದೆ. ದೊಡ್ಡ ಡಾಕ್ಟರೇ ಬರಲಿ, ಮಧ್ಯಾಹ್ನ ಮೂರು ಗಂಟೆಗೆ ಬರಲಿ, ಬಸ್ಸಿನಲ್ಲಿ ಹೊತ್ತುಕೊಂಡು ಹೋಗಲಿ. ಒಳಮುಖ ಮಾಡಿ ಹಿಡಿಯಬೇಕೆಂದು ಹೇಳಿಕೊಡುತ್ತೇನೆ.

ಮುದುರಿದ ಪಟ್ಟಿ ಇದರೊಳಗಿದೆ. ಅಂಟು ಹೋಗಿದೆ, ಎಲ್ಲಿಗೂ ಅಂಟುವುದಿಲ್ಲ. ಮಂಚ ಹದಿನೇಳು, ಮೇ ಹನ್ನೆರಡು, ಮೂರೂ ಹತ್ತು, ಆಮೇಲೆ ಖಾಲಿ. ಇದು ಸಮಿತಿಗಲ್ಲ. ನಿನಗೆ. ಆ ಖಾಲಿ ಜಾಗದಲ್ಲಿ ಏನನ್ನೂ ಬರೆಯಬೇಡ.

ನಿನ್ನ ಅಮ್ಮ